ಗೀ ಸಮೇತ 76ಕ್ಕೆ ಇಳಿಯೋದು: 11 ವಾರದಲ್ಲಿ ಒಂದು ಕ್ಲಾಸ್ ಕೆಳಗೆ ಆಡಬಹುದಾ?

ಬೆಣ್ಣೆನಗರಿ_ಬ್ಲೂ
ನಮಸ್ಕಾರ ಎಲ್ರಿಗೂ. ಬೆಂಗಳೂರಿನ ಬಿಜೆಜೆ (ಬ್ರೆಜಿಲಿಯನ್ ಜಿಯು-ಜಿಟ್ಸು) ಟೂರ್ನಿಗೆ ಇನ್ನು 11 ವಾರ ಇದೆ. ಐಬಿಜೆಜೆಎಫ್ (ಈ ಆಟದ ಅಂತರರಾಷ್ಟ್ರೀಯ ಸಂಸ್ಥೆ) ನಿಯಮ, ಗೀ (ದಪ್ಪ ಹತ್ತಿ ಅಂಗಿ-ಪ್ಯಾಂಟ್) ವಿಭಾಗ, ಅಡಲ್ಟ್, ಬ್ಲೂ ಬೆಲ್ಟ್ (ಬಿಳಿ ಬೆಲ್ಟಿನ ಮುಂದಿನ ಹಂತ). ಬರಿಹೊಟ್ಟೆ ತೂಕ 78.6 ಕೆಜಿ, ಎತ್ತರ 5 ಅಡಿ 10 ಇಂಚು. ಈಗ ಹೆಸರು ಕೊಟ್ಟಿರೋದು ಮಿಡಲ್‌ಗೆ, ಅಂದ್ರೆ 82.3ರ ಒಳಗೆ. ಲೈಟ್‌ಗೆ, 76ಕ್ಕೆ, ಇಳಿಯಬಹುದಾ? 2.6 ಕೆಜಿ ತಾನೇ. ಒಂದೂವರೆ ಕೆಜಿ ಊಟದಲ್ಲಿ ಇಳಿಸಿ, ಉಳಿದದ್ದನ್ನ ಕೊನೇ ಎರಡು ದಿನ ನೀರು ಕಮ್ಮಿ ಮಾಡಿ, ಜಾಕೆಟ್ ಹಾಕ್ಕೊಂಡು ಓಡಿ ತೆಗೀಬಹುದು ಅಂತ ಕೆಲವರ ಸಲಹೆ. ಸಸ್ಯಾಹಾರ, ಮೊಟ್ಟೆ ನಡೆಯುತ್ತೆ. ವಾರಕ್ಕೆ ನಾಲ್ಕು ದಿನ ಮ್ಯಾಟ್, ಎರಡು ದಿನ ಜಿಮ್. ದಾವಣಗೆರೆಯಲ್ಲೇ ತಯಾರಿ.

ತೂಕದ_ಲೆಕ್ಕ
2.6 ಅಲ್ಲ, 5.2. ಮೊದಲು ಈ ಲೆಕ್ಕ ಸರಿ ಮಾಡ್ಕೊಳ್ಳಿ, ಆಮೇಲೆ ಉಳಿದ ಮಾತು.

ಐಬಿಜೆಜೆಎಫ್ ನಿಯಮದಲ್ಲಿ ಗೀ ವಿಭಾಗದವರನ್ನ ಗೀ ಹಾಕಿಸಿಯೇ ತೂಗ್ತಾರೆ. ಅದೂ ಮೊದಲ ಪಂದ್ಯಕ್ಕೆ ಸ್ವಲ್ಪ ಮುಂಚೆ, ಒಂದೇ ಸಲ. 76.0 ದಾಟಿದ್ರೆ ಅಲ್ಲಿಗೇ ಹೊರಗೆ. ಹಂಗಾಗಿ 76ರಿಂದ ಹಿಂದಕ್ಕೆ ಎಣಿಸ್ಬೇಕು. ಎ3 ಸೈಜಿನ ಗೀ, ಅಂಗಿ-ಪ್ಯಾಂಟ್ ಸೇರಿ 1.55 ಕೆಜಿ ಅಂತಿಟ್ಕೊಳ್ಳಿ. ಬೆಲ್ಟ್ 250 ಗ್ರಾಂ, ಒಳಗಿನ ಬಟ್ಟೆ 150 ಗ್ರಾಂ. ಒಟ್ಟು 1.95. ದೇಹಕ್ಕೆ ಉಳಿದದ್ದು 74.05. ಅಲ್ಲಿನ ತಕ್ಕಡಿಗೂ ಮನೆ ತಕ್ಕಡಿಗೂ ವ್ಯತ್ಯಾಸ ಇರಬಹುದು ಅಂತ 250 ಗ್ರಾಂ ಬಿಡಿ, 73.8. ಬೆಳಗ್ಗೆ ಮೂರು ಇಡ್ಲಿ, ಒಂದು ಲೋಟ ನೀರು, ಅರ್ಧ ಲೋಟ ಕಾಫಿ ಅಂದ್ರೂ ಸುಮಾರು 400 ಗ್ರಾಂ. ತಿಂದಿದ್ದು ಹೊಟ್ಟೆಯೊಳಗಿದ್ರೂ ತಕ್ಕಡಿ ಅದನ್ನ ಬಿಡಲ್ಲ. ಅಂದ್ರೆ ಟೂರ್ನಿ ದಿನ ಎದ್ದಾಗ ಬರಿಹೊಟ್ಟೆಯಲ್ಲಿ 73.4 ಇರಬೇಕು.

78.6ರಿಂದ 73.4ಕ್ಕೆ 5.2 ಕೆಜಿ. ಇದರಲ್ಲಿ ಕೊನೇ ಮೂರು ದಿನ ನಾರು ಕಮ್ಮಿ ಇರೋ ಊಟ ಮಾಡಿದ್ರೆ ಕರುಳು ಖಾಲಿಯಾಗಿ ಮುಕ್ಕಾಲು ಕೆಜಿ ಆಸುಪಾಸು ಹೋಗುತ್ತೆ. 0.8 ಅಂತ ಹಿಡಿದ್ರೂ ಉಳಿದ 4.4 ಕೆಜಿ ಕೊಬ್ಬಿನಲ್ಲೇ ಹೋಗ್ಬೇಕು. 10 ವಾರಕ್ಕೆ ಹಂಚಿದ್ರೆ ವಾರಕ್ಕೆ 440 ಗ್ರಾಂ. ಒಂದು ಕೆಜಿ ಕೊಬ್ಬು ಸುಮಾರು 7700 ಕ್ಯಾಲೊರಿ, ಹಂಗಾಗಿ ದಿನಕ್ಕೆ 480 ಕ್ಯಾಲೊರಿ ಕೊರತೆ. ತರಬೇತಿ ಮಾಡ್ತಾ ವಾರಕ್ಕೆ ದೇಹತೂಕದ ಅರ್ಧದಿಂದ ಒಂದು ಶೇಕಡಾ ಇಳಿಸೋದು ಸಹಿಸೋ ಮಟ್ಟ. ನಿಮ್ಮದು 0.56 ಶೇಕಡಾ. ಆಗುತ್ತೆ. ಆದ್ರೆ ಇವತ್ತಿಂದ ಶುರು ಮಾಡಿದ್ರೆ ಮಾತ್ರ, ಕೊನೇ ವಾರಕ್ಕೆ ಬಿಟ್ರೆ ಆಗಲ್ಲ.

ಬೆಣ್ಣೆನಗರಿ_ಬ್ಲೂ
ಗೀ ತೂಕ ಲೆಕ್ಕಕ್ಕೇ ತಗೊಂಡಿರಲಿಲ್ಲ ಸರ್. ಹಂಗಾದ್ರೆ ಬೆವರು ಹರಿಸೋ ದಾರಿ ಪೂರ್ತಿ ಬಿಡ್ಬೇಕಾ? ಒಂದು ಕೆಜಿ ಆದ್ರೂ?

ಗರಡಿ_ಮಣ್ಣು
ಬಿಡ್ರಿ ತಮ್ಮಾ. ಕಾರಣ ಹೇಳ್ತೀನಿ ಕೇಳ್ರಿ.

ನಮ್ಮ ಕಡೆ ದುರ್ಗಾಂಬಿಕಾ ಜಾತ್ರೆ ಬಯಲು ಕುಸ್ತಿಯೊಳಗೆ ಜೋಡಿ ಕಣ್ಣಳತೆ ಮೇಲೆ ಬಿಡ್ತಾರೆ, ಅಲ್ಲಿ ಗ್ರಾಂ ಲೆಕ್ಕ ಇಲ್ಲ. ಬೆವರಿನ ರೂಢಿ ಬಂದದ್ದು ಮ್ಯಾಟ್ ಕುಸ್ತಿಯಿಂದ. ಮೊದಲು ಹಿಂದಿನ ದಿನ ಸಂಜೆ ತೂಗ್ತಿದ್ರು, ರಾತ್ರಿಯೆಲ್ಲ ತಿಂದು ಕುಡಿದು ಬೆಳಗ್ಗೆ ಮೂರು ನಾಲ್ಕು ಕೆಜಿ ಜಾಸ್ತಿ ಆಗಿ ಆಡ್ತಿದ್ರು. 2018ರಿಂದ ವಿಶ್ವ ಕುಸ್ತಿ ಸಂಸ್ಥೆ ಅದನ್ನ ನಿಲ್ಲಿಸಿ ಆಡೋ ದಿನ ಬೆಳಗ್ಗೆ ತೂಗಾಕ ಶುರು ಮಾಡ್ತು, ಎರಡನೇ ದಿನ ಇದ್ರೆ ಅವತ್ತೂ ಬೆಳಗ್ಗೆ. 2024ರ ಆಗಸ್ಟ್ 7ರಂದು ಪ್ಯಾರಿಸ್‌ನಾಗ ವಿನೇಶ್ ಫೋಗಟ್ ಅವರು 50 ಕೆಜಿ ಫೈನಲ್ ದಿನ 100 ಗ್ರಾಂ ಜಾಸ್ತಿ ಬಂದು ಪದಕಾನೇ ಹೋತು. ರಾತ್ರಿಯೆಲ್ಲ ಬೆವರು ಹರಿಸಿ, ಕೂದಲು ಕತ್ತರಿಸಿದ್ರೂ ಇಳೀಲಿಲ್ಲ. ಜಗತ್ತಿನ ಒಳ್ಳೇ ತಂಡ, ಡಾಕ್ಟರು, ಎಲ್ಲಾ ಇದ್ದು ಹಂಗಾತು.

ನಿಮ್ಮ ಟೂರ್ನಿಯೊಳಗೆ ತಕ್ಕಡಿ ಇಳಿದು ಹತ್ತಿಪ್ಪತ್ತು ನಿಮಿಷಕ್ಕೆ ಮ್ಯಾಟ್ ಮ್ಯಾಲೆ ಇರ್ತೀರಿ. ಕಳಕೊಂಡ ನೀರು ವಾಪಸ್ ತರಾಕ ವ್ಯಾಳ್ಯಾನೇ ಇಲ್ಲ. ದೇಹತೂಕದ 2 ಶೇಕಡಾ ನೀರು ಹೋದ್ರೆ ದಮ್ಮು ಕಮ್ಮಿ ಆಗೋದು ಗ್ಯಾರಂಟಿ, ನಿಮಗದು ಒಂದೂವರೆ ಕೆಜಿ. ಬ್ಲೂ ಬೆಲ್ಟ್ ಪಂದ್ಯ 6 ನಿಮಿಷ. ಮೊದಲೆರಡು ನಿಮಿಷ ಏನೂ ಗೊತ್ತಾಗಲ್ಲ. ಮೂರನೇ ನಿಮಿಷಕ್ಕೆ ಕಾಲರ್ ಹಿಡಿದ ಬೆರಳು ತಾನಾಗೇ ಬಿಚ್ಚಿಕೊಳ್ತಾವ.

ದುರ್ಗದ_ಗಾರ್ಡ್
ಮೇಲಿನ ಮಾತಿಗೆ ಇನ್ನೊಂದು. 1997ರ ನವೆಂಬರ್-ಡಿಸೆಂಬರ್‌ನಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ತೂಕ ಇಳಿಸೋಕೆ ಹೋಗಿ ಸತ್ತರು. ರಬ್ಬರ್ ಸೂಟ್, ಬಿಸಿ ಕೋಣೆ, ನೀರಿಲ್ಲದೆ ಸೈಕಲ್ ತುಳಿಯೋದು, ಅದೇ ವಿಧಾನ. ಆಮೇಲೆ ಅಲ್ಲಿನ ಕಾಲೇಜು ಕ್ರೀಡಾ ಸಂಸ್ಥೆ ಆ ಸೂಟು, ಸೌನಾ, ಮೂತ್ರ ಹೆಚ್ಚಿಸೋ ಮಾತ್ರೆ ಎಲ್ಲ ನಿಷೇಧಿಸಿ, ತೂಕವನ್ನ ಪಂದ್ಯದ ಹತ್ತಿರಕ್ಕೇ ತಂತು.

ದಾವಣಗೆರೆ, ಚಿತ್ರದುರ್ಗದ ಏಪ್ರಿಲ್ ಬಿಸಿಲು 37-38 ಡಿಗ್ರಿ. ತಗಡಿನ ಶೀಟ್ ಹಾಕಿದ ಹಾಲ್‌ನಲ್ಲಿ ಅಭ್ಯಾಸ ಮಾಡಿದ್ರೆ ಜಾಕೆಟ್ ಇಲ್ಲದೆಯೇ ಗಂಟೆಗೆ ಲೀಟರ್ ಮೇಲೆ ಬೆವರು ಹೋಗುತ್ತೆ. ಅದರ ಮೇಲೆ ಪ್ಲಾಸ್ಟಿಕ್ ಜಾಕೆಟ್ ಹಾಕಿದ್ರೆ ಬೆವರು ಆರಲ್ಲ. ಆರದ ಬೆವರು ಮೈ ತಂಪು ಮಾಡಲ್ಲ, ಒಳಗಿನ ಶಾಖ ಏರ್ತಾ ಹೋಗುತ್ತೆ. ತಲೆ ಗೊಂದಲ, ಮಾತು ತೊದಲೋದು, ಮೈ ಸುಡ್ತಿದ್ರೂ ಬೆವರು ನಿಂತು ಹೋಗೋದು, ಮಲಗಿದ್ರೂ ಎದೆ ಡವಡವ ಅನ್ನೋದು, ಇದರಲ್ಲಿ ಒಂದು ಕಂಡ್ರೂ ನಿಲ್ಲಿಸಿ, ನೆರಳಿಗೆ ಎಳೆದು, ತಣ್ಣೀರು ಸುರಿದು ಆಸ್ಪತ್ರೆಗೆ.

ಲ್ಯಾಸಿಕ್ಸ್ (ಮೂತ್ರ ಹೆಚ್ಚಿಸೋ) ಮಾತ್ರೆ ವಿಷಯ ಯಾರಾದ್ರೂ ಕಿವಿಯಲ್ಲಿ ಹೇಳಿದ್ರೆ ಅಲ್ಲೇ ಬಿಡಿ. ಪೊಟ್ಯಾಷಿಯಂ ಇಳಿದ್ರೆ ಹೃದಯದ ಲಯ ತಪ್ಪುತ್ತೆ, ಡೋಪಿಂಗ್ ಪಟ್ಟಿಯಲ್ಲೂ ಅದು ನಿಷಿದ್ಧ. ನೀರು ಕಮ್ಮಿ ಇರೋ ದೇಹಕ್ಕೆ ಡೈಕ್ಲೋಫೆನಾಕ್, ಐಬುಪ್ರೊಫೇನ್ ಥರದ ನೋವಿನ ಮಾತ್ರೆ ಕೊಟ್ರೂ ಕಿಡ್ನಿಗೆ ಪೆಟ್ಟು. ಬಿಪಿ, ಶುಗರ್ ಮಾತ್ರೆ ತಗೊಳ್ಳೋರು ಡಾಕ್ಟರನ್ನ ಕೇಳದೆ ತೂಕದ ಯೋಜನೆ ಶುರು ಮಾಡಲೇಬಾರದು.

ಹರಿಹರ_ಹಾಫ್‌ಗಾರ್ಡ್
ಒಂದು ಸಂದೇಹ. ಎಲ್ಲ ಟೂರ್ನಿಗಳೂ ಅದೇ ದಿನ ತೂಗಲ್ಲ ಅಲ್ವಾ? ಜೆಜೆಐಎಫ್ (ಜಿಯು-ಜಿಟ್ಸುವಿನ ಇನ್ನೊಂದು ಅಂತರರಾಷ್ಟ್ರೀಯ ಸಂಸ್ಥೆ) ಕ್ಲಾಸುಗಳೇ ಬೇರೆ.

ತೂಕದ_ಲೆಕ್ಕ
ಹೌದು. ಜೆಜೆಐಎಫ್ ಪುರುಷರ ಕ್ಲಾಸ್ 56, 62, 69, 77, 85, 94. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ಗೆ ಜಿಯು-ಜಿಟ್ಸು ಮೊದಲ ಸಲ ಬಂದಾಗ ಇದ್ದದ್ದು ಆ ಪದ್ಧತಿ. ಐಬಿಜೆಜೆಎಫ್ ಗೀ ಪುರುಷರಿಗೆ 57.5, 64, 70, 76, 82.3, 88.3, 94.3, 100.5. ನೋ-ಗೀಗೆ (ಗೀ ಇಲ್ಲದೆ ಆಡೋ ವಿಭಾಗ) ಬಂದ್ರೆ 55.5, 61.5, 67.5, 73.5, 79.5, ಹೀಗೆ. ಬಟ್ಟೆ ಹಗುರ ಅಂತಲೇ ಆ ಅಂಕಿ ಕೆಳಗಿದೆ. ಅದನ್ನ ಮರೆತು ಎರಡೂ ವಿಭಾಗಕ್ಕೆ ಒಂದೇ ತೂಕ ಇಟ್ಕೊಂಡು ಬರೋರು ಸಿಕ್ಕಿಹಾಕ್ಕೊಳ್ತಾರೆ. ನಮ್ಮಲ್ಲಿ ನಡೆಯೋ ಟೂರ್ನಿಗಳಲ್ಲಿ ಕೆಲವದರಲ್ಲಿ ಹಿಂದಿನ ದಿನ ತೂಕ, ಕೆಲವದರಲ್ಲಿ ಗೀ ಇಲ್ಲದೆ, ಕೆಲವದರಲ್ಲಿ 200-500 ಗ್ರಾಂ ರಿಯಾಯಿತಿ. ನಿಯಮದ ಪುಟದಲ್ಲಿ ಮೂರು ಸಾಲು ಹುಡುಕಿ: ಯಾವಾಗ ತೂಗ್ತಾರೆ, ಏನು ಹಾಕ್ಕೊಂಡು, ರಿಯಾಯಿತಿ ಇದೆಯಾ. ಬರೆದಿಲ್ಲ ಅಂದ್ರೆ ಸಂಘಟಕರಿಗೆ ಮೆಸೇಜ್ ಹಾಕಿ ಬರಹದಲ್ಲೇ ಉತ್ತರ ತಗೊಳ್ಳಿ. ವಿಭಾಗ ಬದಲಿಸೋಕೆ ಕೊನೇ ದಿನ ಯಾವುದು ಅನ್ನೋದನ್ನೂ ಈಗಲೇ ಕ್ಯಾಲೆಂಡರ್ ಮೇಲೆ ಗುರುತು ಹಾಕಿ.

ಹಿಂದಿನ ದಿನ ತೂಕ ಇದ್ರೂ ಒಂದೂವರೆ ಶೇಕಡಾಕ್ಕಿಂತ ಹೆಚ್ಚು ನೀರು ಇಳಿಸೋದು ನನ್ನ ಪ್ರಕಾರ ಬೇಡ. ಇಳಿಸಿದ್ರೆ ಪ್ರತಿ ಕೆಜಿಗೆ ಒಂದೂವರೆ ಲೀಟರ್ ವಾಪಸ್ ಕುಡೀಬೇಕು, ಅದೂ ನಾಲ್ಕೈದು ಗಂಟೆಯಲ್ಲಿ ಗುಟುಕು ಗುಟುಕಾಗಿ. ಬರೀ ನೀರು ಕುಡಿದ್ರೆ ಹಂಗೇ ಮೂತ್ರವಾಗಿ ಹೋಗುತ್ತೆ, ಉಪ್ಪು ಬೇಕು. ಮೆಡಿಕಲ್ ಅಂಗಡಿಯ ಡಬ್ಲ್ಯುಎಚ್‌ಒ ಓಆರ್‌ಎಸ್ ಪುಡಿ, 20.5 ಗ್ರಾಂ ಪೊಟ್ಟಣ, ಪೂರ್ತಿ ಒಂದು ಲೀಟರ್ ನೀರಿಗೆ. ಅರ್ಧ ಲೀಟರ್‌ಗೆ ಗಟ್ಟಿಯಾಗಿ ಕಲಸಿದ್ರೆ ಹೊಟ್ಟೆ ಕೆಡುತ್ತೆ. ಅಂಗಡಿಯಲ್ಲಿ ಡಬ್ಬಿಯಲ್ಲಿ ಸಿಗೋ ಸಿಹಿ ಪಾನೀಯ ಬೇರೆ, ಅದರಲ್ಲಿ ಸಕ್ಕರೆ ಜಾಸ್ತಿ, ಉಪ್ಪು ಕಮ್ಮಿ.

ಒನಕೆ_ದುರ್ಗ
ಹೆಣ್ಣುಮಕ್ಕಳಿಗೆ ಈ ಲೆಕ್ಕ ಒಂಚೂರು ಬದಲಾಗುತ್ತೆ, ಅದನ್ನೂ ಇಲ್ಲೇ ಹಾಕ್ತೀನಿ. ಐಬಿಜೆಜೆಎಫ್ ಗೀ ಕ್ಲಾಸ್ 48.5, 53.5, 58.5, 64, 69, 74, 79.3. ಗೀ ಒಳಗೆ ಮೈಗಂಟಿದ ಟಾಪ್ ಕಡ್ಡಾಯ, ಅದರ 150 ಗ್ರಾಂ ಸೇರಿಸಿ. ಮುಟ್ಟಿನ ಮುಂಚಿನ ದಿನಗಳಲ್ಲಿ ದೇಹ ನೀರು ಹಿಡಿದಿಟ್ಕೊಳ್ಳುತ್ತೆ, ಕೆಲವರಿಗೆ ಅರ್ಧ ಕೆಜಿ, ಕೆಲವರಿಗೆ ಒಂದೂವರೆ. ಹಂಗಾಗಿ ಈ ವಾರದ ತೂಕವನ್ನ ಹೋದ ವಾರಕ್ಕೆ ಹೋಲಿಸಬೇಡಿ. ಹೋದ ಮುಟ್ಟಿನ ಚಕ್ರದ ಇದೇ ದಿನಕ್ಕೆ ಹೋಲಿಸಿ. ಟೂರ್ನಿ ದಿನಾಂಕ ಆ ದಿನಗಳ ಮೇಲೆ ಬೀಳುತ್ತಾ ಅಂತ ಎರಡು ತಿಂಗಳು ಮೊದಲೇ ಎಣಿಸಿ, ಬಿದ್ರೆ ಗುರಿ ತೂಕವನ್ನ ಇನ್ನೊಂದು ಕೆಜಿ ಕೆಳಗಿಡಿ, ಇಲ್ಲ ಮೇಲಿನ ಕ್ಲಾಸ್‌ನಲ್ಲೇ ಆಡಿ.

ತೂಕ ಇಳಿಸ್ತಾ ಮುಟ್ಟು ನಿಂತು ಹೋದ್ರೆ ಹೆಚ್ಚಾಗಿ ಊಟ ಸಾಲ್ತಿಲ್ಲ ಅಂತ ಅರ್ಥ. ಚೆನ್ನಾಗಿ ಇಳೀತಿದೆ ಅಂತ ಖುಷಿ ಪಡೋ ವಿಷಯ ಅಲ್ಲ ಅದು. ಅಲ್ಲಿಗೆ ನಿಲ್ಲಿಸಿ, ಡಾಕ್ಟರನ್ನ ನೋಡಿ, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ.

ಮತ್ತೆ 18 ತುಂಬದ ಮಕ್ಕಳನ್ನ ಕೆಳಗಿನ ಕ್ಲಾಸ್‌ಗೆ ಇಳಿಸಬೇಡಿ ಅಂತ ಕೈಮುಗಿದು ಕೇಳ್ತೀನಿ. ಬೆಳೆಯೋ ಮೈ ಅದು.

ಬೆಣ್ಣೆನಗರಿ_ಬ್ಲೂ
ಅಕ್ಕ, ತಿಳಿಸಿದ್ದಕ್ಕೆ ಧನ್ಯವಾದ. ಈಗ ಊಟದ ವಿಚಾರ ಹೇಳಿ ಯಾರಾದ್ರೂ. 480 ಕ್ಯಾಲೊರಿ ಎಲ್ಲಿಂದ ತೆಗೀಲಿ? ಈಗ ಬೆಳಗ್ಗೆ ದೋಸೆ ಇಲ್ಲ ಉಪ್ಪಿಟ್ಟು, ಮಧ್ಯಾಹ್ನ ರೊಟ್ಟಿ-ಪಲ್ಯ-ಅನ್ನ, ಸಂಜೆ ಮಂಡಕ್ಕಿ ಮಿರ್ಚಿ, ರಾತ್ರಿ ಮುದ್ದೆ ಸಾರು. ದಿನಕ್ಕೆ ನಾಲ್ಕು ಟೀ.

ಅಡುಗೆಮನೆ_ಕೋಚ್
ಟೀಯಿಂದಲೇ ಶುರು ಮಾಡೋಣ. ಕಪ್ಪಿಗೆ ಎರಡು ಚಮಚ ಸಕ್ಕರೆ, ನಾಲ್ಕು ಕಪ್ಪಿಗೆ 40 ಗ್ರಾಂ, 160 ಕ್ಯಾಲೊರಿ. ಎರಡು ಕಪ್ ಮಾಡಿ, ಅರ್ಧ ಚಮಚ ಹಾಕಿ, 140 ಅಲ್ಲೇ ಹೋಯ್ತು. ಒಂದು ದೊಡ್ಡ ಚಮಚ ಎಣ್ಣೆ 120 ಕ್ಯಾಲೊರಿ. ಪಲ್ಯದ ಒಗ್ಗರಣೆ, ಸಾರಿನ ಒಗ್ಗರಣೆ, ರೊಟ್ಟಿ ಮೇಲಿನ ಶೇಂಗಾ ಚಟ್ನಿ ಎಣ್ಣೆ, ಇವನ್ನೆಲ್ಲ ಅಳೆದು ಹಾಕಿದ್ರೆ ಎರಡು ಚಮಚ ಉಳಿಯುತ್ತೆ, 240. ಸಂಜೆ ಮಿರ್ಚಿ ಬಜ್ಜಿ ಬಿಟ್ರೆ ಉಳಿದದ್ದೂ ಆಯ್ತು. ಮಂಡಕ್ಕಿ ಬಿಡೋದು ಬೇಡ, ಬರೀ ಮಂಡಕ್ಕಿಗೆ ಈರುಳ್ಳಿ, ಟೊಮೆಟೊ, ನಿಂಬೆಹುಳಿ ಹಾಕಿ ತಿನ್ನಿ. ಬೆಣ್ಣೆ ದೋಸೆ ಭಾನುವಾರ ಒಂದು, ಅಂಗಡಿಯವರಿಗೆ ಮೇಲೆ ಬೆಣ್ಣೆ ಹಾಕಬೇಡಿ ಅಂತ ಹೇಳಿ. ದೋಸೆ ಊರಲ್ಲಿದ್ದು ಪೂರ್ತಿ ಬಿಟ್ರೆ ಆರನೇ ವಾರಕ್ಕೆ ಆಸೆ ತಡೆಯೋಕಾಗದೆ ಯೋಜನೆಯೇ ಕೈಬಿಡ್ತಾರೆ.

ಪ್ರೋಟೀನ್ ದಿನಕ್ಕೆ 135ರಿಂದ 160 ಗ್ರಾಂ ಹಿಡಿಯಿರಿ, ಗುರಿ ತೂಕದ ಕೆಜಿಗೆ 1.8ರಿಂದ 2.2ರ ಲೆಕ್ಕ. ಅದು ಸಾಲದಿದ್ರೆ ಇಳಿಯೋ ತೂಕದಲ್ಲಿ ಮಾಂಸಖಂಡವೂ ಸೇರಿಕೊಳ್ಳುತ್ತೆ, ಕೆಳಗಿನ ಕ್ಲಾಸ್‌ನಲ್ಲಿ ಬಲ ಇಲ್ಲದ ಉದ್ದ ದೇಹ ಮಾತ್ರ ಉಳಿಯುತ್ತೆ. ಸಸ್ಯಾಹಾರಿಗೆ ದಾರಿ ಹೀಗೆ: ನಾಲ್ಕು ಮೊಟ್ಟೆ 24 ಗ್ರಾಂ, ಒಣ ಸೋಯಾ ಚಂಕ್ಸ್ 50 ಗ್ರಾಂ ನೆನೆಸಿ ಹಿಂಡಿ ಪಲ್ಯಕ್ಕೆ ಹಾಕಿದ್ರೆ 26, ಪನೀರ್ 100 ಗ್ರಾಂ 18, ಕೆನೆ ತೆಗೆದ ಹಾಲು ಅರ್ಧ ಲೀಟರ್ 16, ಬೇಳೆಕಾಳು 100 ಗ್ರಾಂ ಹಸಿ ತೂಕಕ್ಕೆ 22-24, ವೇ ಪ್ರೋಟೀನ್ (ಹಾಲಿನ ಪ್ರೋಟೀನ್ ಪುಡಿ) ಒಂದು ಸ್ಕೂಪ್ 24. ಸೇರಿಸಿದ್ರೆ 130. ರೊಟ್ಟಿ, ಅನ್ನದಲ್ಲಿ ಉಳಿದದ್ದು ಬರುತ್ತೆ.

ಅಭ್ಯಾಸಕ್ಕೆ ಒಂದೂವರೆ ಗಂಟೆ ಮುಂಚೆ ಅನ್ನ, ಬಾಳೆಹಣ್ಣು ಥರದ್ದು ತಿನ್ನಲೇಬೇಕು. ಬರಿಹೊಟ್ಟೆಯಲ್ಲಿ ಸ್ಪಾರಿಂಗ್ ಮಾಡಿ ಇಳಿಸ್ತೀನಿ ಅನ್ನೋರಿಗೆ ಭುಜ, ಪಕ್ಕೆಲುಬಿನ ಗಾಯ ಬೇಗ ಆಗುತ್ತೆ, ಸುಸ್ತಾದವರು ತಡವಾಗಿ ಟ್ಯಾಪ್ ಮಾಡ್ತಾರೆ (ಕೈ ತಟ್ಟಿ ಸೋಲು ಒಪ್ಕೊಳ್ತಾರೆ).

ಈಗ ಮುಖ್ಯ ವಿಷಯ. ಮುದ್ದೆ, ಜೋಳದ ರೊಟ್ಟಿ 10 ವಾರ ನಿಮ್ಮ ಗೆಳೆಯರು. 100 ಗ್ರಾಂ ರಾಗಿಯಲ್ಲಿ ನಾರು ಸುಮಾರು 11 ಗ್ರಾಂ, ಜೋಳದಲ್ಲಿ 10, ಹೊಟ್ಟೆ ತುಂಬಿದ ಹಂಗಿರುತ್ತೆ. ಕೊನೇ ಮೂರು ದಿನ ಅವೇ ತೊಂದರೆ. ನಾರು ನೀರು ಹೀರಿಕೊಂಡು ಕರುಳಿನಲ್ಲೇ ಕೂತಿರುತ್ತೆ. ಆಗ ಪಾಲಿಶ್ ಅಕ್ಕಿ ಅನ್ನಕ್ಕೆ ಬನ್ನಿ, ಅದರಲ್ಲಿ ನಾರು 3 ಗ್ರಾಂ ಒಳಗೆ. ಅನ್ನ-ಮಜ್ಜಿಗೆ, ಇಡ್ಲಿ, ಮೊಟ್ಟೆ, ಪನೀರ್, ತಿಳಿಸಾರು, ವೇ. ಸೊಪ್ಪು, ಕಾಳು, ಕೋಸಂಬರಿ, ಸೋಯಾ, ಸಿಪ್ಪೆ ಸಮೇತ ಹಣ್ಣು ಮೂರು ದಿನ ಬೇಡ. ಅನ್ನ ಬಿಡಬೇಡಿ. ಒಂದು ಗ್ರಾಂ ಗ್ಲೈಕೋಜನ್ (ಮಾಂಸಖಂಡದಲ್ಲಿ ಕೂಡಿಟ್ಟ ಪಿಷ್ಟ) ಜೊತೆ ಸುಮಾರು ಮೂರು ಗ್ರಾಂ ನೀರು ಇರುತ್ತೆ, ಅನ್ನ ಬಿಟ್ರೆ ತಕ್ಕಡಿ ಬೇಗ ಇಳಿಯುತ್ತೆ ನಿಜ. ಹೋಗಿದ್ದು ಪಂದ್ಯಕ್ಕೆ ಬೇಕಾದ ಇಂಧನ.

ಉಪ್ಪು ದಿನಾ ಎಷ್ಟಿತ್ತೋ ಅಷ್ಟೇ ಇರಲಿ. ಉಪ್ಪಿನಕಾಯಿ, ಹಪ್ಪಳ, ಖಾರ ಮಂಡಕ್ಕಿ ಮಾತ್ರ ಕೊನೇ ಎರಡು ದಿನ ಬೇಡ. ಹೊಸ ಉಪ್ಪು ಬಂದ್ರೆ ದೇಹ ಅದರ ಜೊತೆ ನೀರೂ ಹಿಡಿಯುತ್ತೆ.

ಹರಿಹರ_ಹಾಫ್‌ಗಾರ್ಡ್
ಕ್ರಿಯೇಟಿನ್ (ಬಲ ಹೆಚ್ಚಿಸೋ ಪುಡಿ) ತಗೊಳ್ತಿದ್ರೆ ನಿಲ್ಲಿಸಬೇಕಾ?

ಅಡುಗೆಮನೆ_ಕೋಚ್
ಅದರಿಂದ ಮಾಂಸಖಂಡದಲ್ಲಿ ಒಂದರಿಂದ ಎರಡು ಕೆಜಿ ನೀರು ನಿಂತಿರಬಹುದು. ನಿಲ್ಲಿಸಿದ ಮಾರನೇ ದಿನ ಹೋಗಲ್ಲ, ನಾಲ್ಕು ವಾರ ಹಿಡಿಯುತ್ತೆ. ನಿಲ್ಲಿಸೋದಾದ್ರೆ ಟೂರ್ನಿಗೆ ಐದು ವಾರ ಮೊದಲು. ಕೊನೇ ವಾರ ನಿಲ್ಲಿಸಿ ಪ್ರಯೋಜನ ಇಲ್ಲ. ಹೊಸದಾಗಿ ಶುರು ಮಾಡೋ ಸಮಯ ಅಂತೂ ಇದಲ್ಲ.

ಮಿಲ್_ಕಾಲೋನಿ_ಮ್ಯಾಟ್
ಗೀ ಮತ್ತು ತಕ್ಕಡಿ ಬಗ್ಗೆ ಯಾರೂ ಸರಿಯಾಗಿ ಹೇಳಿಲ್ಲ, ಅದು ಅರ್ಧ ಕೆಜಿ ವಿಷಯ.

ತಕ್ಕಡಿ ಡಿಜಿಟಲ್ ಇರಲಿ. ಗಟ್ಟಿ ನೆಲದ ಮೇಲೆ, ಕಡಪ ಕಲ್ಲೋ ಟೈಲ್ಸೋ, ನಾಲ್ಕೂ ಕಾಲು ಅಲ್ಲಾಡದ ಹಂಗೆ ಇಡಿ. ಚಾಪೆ, ಮ್ಯಾಟ್ ಮೇಲೆ ಇಟ್ರೆ ತೂಕ ಸುಳ್ಳು ಬರುತ್ತೆ. ನಂಬೋ ಮೊದಲು ಪರೀಕ್ಷೆ ಮಾಡಿ. ಕಿರಾಣಿ ಅಂಗಡಿಯಲ್ಲೋ ಎಪಿಎಂಸಿ ಕಡೆಯೋ ಸರ್ಕಾರಿ ಮುದ್ರೆ ಬಿದ್ದ 20 ಕೆಜಿ ತೂಕದ ಕಲ್ಲು ಇರುತ್ತೆ, ಎರಡು ನಿಮಿಷಕ್ಕೆ ಕೇಳಿದ್ರೆ ಕೊಡ್ತಾರೆ. ಮೊದಲು ನೀವು ನಿಂತು ತೂಗಿ, ಆಮೇಲೆ ಕಲ್ಲು ಎತ್ಕೊಂಡು ತೂಗಿ. ವ್ಯತ್ಯಾಸ 20.0 ಬರಬೇಕು. 19.7 ಬಂದ್ರೆ ನಿಮ್ಮ ತಕ್ಕಡಿ ಕಮ್ಮಿ ತೋರಿಸ್ತಿದೆ, ಅದು ನೂರಕ್ಕೆ ಒಂದೂವರೆ ತಪ್ಪು, 76 ಕೆಜಿಗೆ ಒಂದು ಕೆಜಿ ಮೇಲೆ. ಸ್ಟೇಷನ್‌ನಲ್ಲಿ ನಾಣ್ಯ ಹಾಕೋ ಮೆಷಿನ್ ನಂಬಿ ಹೊರಡಬೇಡಿ.

ದಿನಾ ಒಂದೇ ಹೊತ್ತಿಗೆ, ಶೌಚ ಮುಗಿಸಿ, ನೀರು ಕುಡಿಯೋ ಮುಂಚೆ ತೂಗಿ. ಒಂದು ದಿನದ ಅಂಕಿ ನೋಡಬೇಡಿ, ಏಳು ದಿನದ ಸರಾಸರಿ ನೋಡಿ. ರಾತ್ರಿ ಮಲಗೋ ಮುಂಚಿನ ತೂಕವನ್ನೂ ಬರೆದಿಡಿ. ರಾತ್ರಿಗೂ ಬೆಳಗ್ಗೆಗೂ ಉಸಿರು, ಬೆವರು, ಮೂತ್ರದಲ್ಲಿ ಅರ್ಧದಿಂದ ಮುಕ್ಕಾಲು ಕೆಜಿ ಇಳಿಯುತ್ತೆ. ನಿಮ್ಮ ಸರಾಸರಿ 600 ಗ್ರಾಂ ಅಂತ ಗೊತ್ತಿದ್ರೆ, ಟೂರ್ನಿ ಹಿಂದಿನ ರಾತ್ರಿ 74.0 ಕಂಡಾಗ ಗಾಬರಿ ಆಗಲ್ಲ.

ಗೀಯನ್ನ ಮೂರು ಸಲ ಒಗೆದ ಮೇಲೆ ತೂಗಿ, ಹೊಸದು ಒಗೆದಾಗ ಕುಗ್ಗುತ್ತೆ. ತೋಳಿನ ತುದಿ ಕೈ ಚಾಚಿದಾಗ ಮಣಿಕಟ್ಟಿನ ಮೂಳೆಯಿಂದ 5 ಸೆಂ.ಮೀ. ಒಳಗಿರಬೇಕು, ಪ್ಯಾಂಟ್ ಪಾದದ ಕೀಲಿನಿಂದ 5 ಸೆಂ.ಮೀ. ಒಳಗೆ. 350 ಜಿಎಸ್‌ಎಂ (ಚದರ ಮೀಟರಿಗೆ 350 ಗ್ರಾಂ) ಪರ್ಲ್ ವೀವ್ ನೇಯ್ಗೆಯ ಅಂಗಿ, ತೆಳು ಹತ್ತಿ ಪ್ಯಾಂಟ್ ಸಿಕ್ರೆ ದಪ್ಪ ಗೀಗಿಂತ 400 ಗ್ರಾಂವರೆಗೂ ಉಳಿಯುತ್ತೆ. ಅಷ್ಟು ಕೊಬ್ಬು ಇಳಿಸೋಕೆ ಒಂದು ವಾರ ಬೇಕು. ಐದು ಕೆಜಿ ಇಳಿದ ಮೇಲೆ ಎ3 ಅಂಗಿ ಸೊಂಟದ ಹತ್ತಿರ ಜೋಲು ಬೀಳುತ್ತೆ, ಎದುರಾಳಿಗೆ ಲ್ಯಾಪೆಲ್ (ಅಂಗಿಯ ಮುಂದಿನ ಅಂಚು) ಎಳೆದು ಸುತ್ತೋಕೆ ಬೇಕಾದಷ್ಟು ಬಟ್ಟೆ ಕೊಟ್ಟ ಹಂಗೆ. ಎ2 ಉದ್ದದ ಸೈಜ್ ಹಾಕಿ ನೋಡಿ.

ಇನ್ನೊಂದು, ಬಹಳ ಜನ ತಪ್ಪೋದು ಇಲ್ಲೇ. ಗೀ ಹಾಕ್ಕೊಂಡು ವಾರ್ಮಪ್ ಮಾಡಿ ಬೆವರಿದ್ರೆ ತೂಕ ಇಳಿಯಲ್ಲ. ಬೆವರು ಹತ್ತಿ ಬಟ್ಟೆಯಲ್ಲೇ ಇರುತ್ತೆ, ಬಟ್ಟೆಯೂ ತಕ್ಕಡಿ ಮೇಲೇ ಇರುತ್ತೆ. ವಾರ್ಮಪ್ ಟೀಶರ್ಟ್‌ನಲ್ಲಿ ಮಾಡಿ, ಟವೆಲ್‌ನಲ್ಲಿ ಒರೆಸಿ, ಒಣ ಗೀ ಹಾಕ್ಕೊಂಡು ಹೋಗಿ. ಮಳೆಗಾಲ ಆದ್ರೆ ಕಾಲರ್ ಮುಟ್ಟಿ ನೋಡಿ, ಮೇಲೆ ಒಣಗಿದ ಹಂಗೆ ಕಂಡ್ರೂ ಒಳಗಿನ ಹತ್ತಿ ಹಗ್ಗ ಎರಡು ದಿನ ತೇವ ಇಟ್ಕೊಂಡಿರುತ್ತೆ. ಒಣ ಗೀ ತೂಕ ಚೀಟಿಯಲ್ಲಿ ಬರೆದು ಬ್ಯಾಗಿಗೆ ಅಂಟಿಸಿ, ಹೊರಡೋ ದಿನ ಮತ್ತೆ ತೂಗಿದ್ರೆ ಒಳಗಿನ ತೇವ ಎಷ್ಟು ಅಂತ ಸಿಕ್ಕಿಬೀಳುತ್ತೆ.

ದುರ್ಗದ_ಗಾರ್ಡ್
ಈ ಕೊನೇ ವಿಷಯ ಗೊತ್ತಿಲ್ಲದೆ ಗೀ ಮೇಲೆ ಇನ್ನೊಂದು ಸ್ವೆಟರ್ ಹಾಕಿ ಓಡೋರನ್ನ ಪ್ರತಿ ಟೂರ್ನಿಯಲ್ಲೂ ನೋಡಬಹುದು. ತುಂಬ ಒಳ್ಳೇ ಮಾತು ಹೇಳಿದ್ರಿ.

ಗರಡಿ_ಮಣ್ಣು
ತೂಕ ಇಳಿಯೋದು ಒಂದು, ಇಳಿದ ಮ್ಯಾಲೆ ಆಡೋದು ಇನ್ನೊಂದು. ಅಂಕಿ ಹಿಡಿದುಕೊಂಡು ಕುಂತ್ರೆ ಆಟ ಮರೆತು ಹೋಗ್ತೈತಿ.

ಜಿಮ್ ಎರಡು ದಿನ ಬಿಡಬ್ಯಾಡ್ರಿ. ಭಾರ ಇಳಿಸಬ್ಯಾಡ್ರಿ, ಸೆಟ್ಟು ಇಳಿಸ್ರಿ. ಐದು ಸೆಟ್ ಇದ್ದಲ್ಲಿ ಮೂರು, ಮೂರರಿಂದ ಐದು ಸಲ ಎತ್ತೋದು. ವಾರಕ್ಕೊಂದು ದಿನ ಕಂಬಿಗೆ ಗೀ ಅಂಗಿ ಹಾಕಿ, ಎರಡೂ ತೋಳಿನ ಬಟ್ಟೆ ಹಿಡಿದು ನೇತಾಡ್ರಿ, ಎಷ್ಟು ಸೆಕೆಂಡು ಬರೆದಿಡ್ರಿ. ಮೈ ಹಗುರ ಆದಂಗ ಆ ಸಮಯ ಏರಬೇಕು. ತೂಕಾನೂ ಇಳಿದು, ಹಿಡಿತಾನೂ ಎರಡು ವಾರ ಸಾಲಾಗಿ ಇಳಿದ್ರೆ ಊಟ ಸಾಲ್ತಿಲ್ಲ ಅಂತ ಅರ್ಥ. ಅವಾಗ ದಿನಕ್ಕೆ 200 ಕ್ಯಾಲೊರಿ ಅನ್ನ ಏರಿಸ್ರಿ.

ದುರ್ಗದ_ಗಾರ್ಡ್
ಆಟದ ವಿಚಾರ ಬಂತಲ್ಲ, ಅದಕ್ಕೆ ಸೇರಿಸ್ತೀನಿ. 82ರಲ್ಲಿ ಎದುರಾಳಿ ಮೇಲೆ ಭಾರ ಹಾಕಿ ಕೂತ್ರೆ ನಿಲ್ತಾನೆ. 76ರಲ್ಲಿ ನಿಲ್ಲಲ್ಲ. ಹಿಪ್ ತಪ್ಪಿಸಿ, ತಿರುಗಿ, ಡೆ ಲಾ ರೀವಾ ಗಾರ್ಡ್‌ನಿಂದ (ಗಾರ್ಡ್ ಅಂದ್ರೆ ಕೆಳಗಿದ್ದು ಕಾಲಿನಿಂದ ತಡೆಯೋದು, ಇದರಲ್ಲಿ ಎದುರಾಳಿಯ ಕಾಲಿಗೆ ಕಾಲು ಸುತ್ತಿ) ಬೆನ್ನಿನ ಕಡೆ ಹೊರಳ್ತಾನೆ. ಹಂಗಾಗಿ ಕೊನೇ ಐದಾರು ವಾರ 68-74 ಕೆಜಿಯವರ ಜೊತೆ ಜಾಸ್ತಿ ಆಡಿ. ಅವರು ಟೊರಿಯಾಂಡೊ ಪಾಸ್‌ಗೆ (ಗಾರ್ಡ್ ದಾಟಿ ಬರೋದೇ ಪಾಸ್) ಎರಡೂ ಪ್ಯಾಂಟ್ ಹಿಡಿದು ಪಕ್ಕಕ್ಕೆ ಎಸೆದಾಗ ನಿಮ್ಮ ಮೊಣಕಾಲು ಎದೆಗೆ ಎಷ್ಟು ಬೇಗ ವಾಪಸ್ ಬರುತ್ತೆ ಅನ್ನೋದೇ ಪರೀಕ್ಷೆ. ಒಂದು ಪಾಸ್‌ಗೆ 3 ಅಂಕ, ಆಮೇಲೆ ಮೌಂಟ್ (ಮೈಮೇಲೆ ಕೂರೋದು) ಇಲ್ಲ ಬೆನ್ನು ಸಿಕ್ರೆ 4. ಸ್ವೀಪ್‌ಗೆ (ಕೆಳಗಿಂದ ಉರುಳಿಸಿ ಮೇಲೆ ಬರೋದು), ಟೇಕ್‌ಡೌನ್‌ಗೆ (ನಿಂತವರನ್ನ ಕೆಡವೋದು), ನೀ ಆನ್ ಬೆಲ್ಲಿಗೆ (ಹೊಟ್ಟೆ ಮೇಲೆ ಮೊಣಕಾಲು) 2. ಪ್ರತಿಯೊಂದನ್ನೂ 3 ಸೆಕೆಂಡ್ ಹಿಡೀಬೇಕು. ಚುರುಕಿನವರ ಮುಂದೆ ಆ ಮೂರು ಸೆಕೆಂಡ್ ಹಿಡಿಯೋದೇ ಕಷ್ಟ, ಪಾಸ್ ಮಾಡಿದ ತಕ್ಷಣ ಮುಂದಿನದಕ್ಕೆ ಹಾರಬೇಡಿ. ಅಡ್ಡಗೈ ಹಾಕಿ, ತಲೆ ತಿರುಗಿಸಿ, ಭುಜದ ಭಾರ ಇಟ್ಟು ನಿಲ್ಲಿಸಿ.

5 ಅಡಿ 10 ಇಂಚು ಅಂದ್ರೆ 76ರಲ್ಲಿ ನಿಮ್ಮ ಕೈಕಾಲು ಸುಮಾರು ಜನರಿಗಿಂತ ಉದ್ದ ಇರುತ್ತೆ. ಲಾಸ್ಸೊ, ಕಾಲರ್-ಸ್ಲೀವ್ ಗಾರ್ಡ್‌ಗಳು, ಕ್ಲೋಸ್ಡ್ ಗಾರ್ಡ್‌ನಿಂದ ಟ್ರಯಾಂಗಲ್ (ಕಾಲಿನಿಂದ ಕುತ್ತಿಗೆ ಬಿಗಿಯೋದು), ಇವಕ್ಕೆ ಸಮಯ ಕೊಡಿ. ಕೆಳಗಿಳಿದ ಲಾಭ ಅಂತ ಏನಾದ್ರೂ ಇದ್ರೆ ಅದು ಈ ಉದ್ದವೇ. ಎಲ್ಲರೂ ತೂಗೋದು ಪಂದ್ಯದ ಹೊತ್ತಿಗೇ, ಹಂಗಾಗಿ ಎದುರಾಳಿಗಿಂತ ಭಾರ ಇದ್ದು ಆಡೋ ಲಾಭ ಇಲ್ಲಿ ಸಿಗಲ್ಲ.

ಮಿಲ್_ಕಾಲೋನಿ_ಮ್ಯಾಟ್
ಅದನ್ನೇ ಕೇಳ್ಬೇಕಂತಿದ್ದೆ. ಭಾರದ ಲಾಭ ಇಲ್ಲ ಅಂದ್ರೆ ಇಳಿಯೋದೇ ಯಾಕೆ? ಗೀ ಸೇರಿ ಈಗ 80.5 ಇದ್ದಾರೆ, ಮಿಡಲ್‌ನಲ್ಲಿ 1.8 ಕೆಜಿ ಮಾತ್ರ ಕಮ್ಮಿ. ಊಟ ಮಾಡ್ಕೊಂಡು, 11 ವಾರ ಪೂರ್ತಿ ಟೇಕ್‌ಡೌನ್ ಕಲಿತ್ರೆ ಅದೇ ಹೆಚ್ಚು ಉಪಯೋಗ ಅಂತ ನನ್ನ ಅಭಿಪ್ರಾಯ. ಮೊದಲ ಅಥವಾ ಎರಡನೇ ಟೂರ್ನಿ ಆಡೋರಿಗಂತೂ ಇಳಿಯೋದು ಬೇಡವೇ ಬೇಡ.

ತೂಕದ_ಲೆಕ್ಕ
ಅರ್ಧ ಒಪ್ತೀನಿ. ಹೊಟ್ಟೆ ಸುತ್ತ ಕೊಬ್ಬು ಇದ್ದು ಇಳಿದ್ರೆ ದಮ್ಮು ಏರುತ್ತೆ, ಅದೇ ಬಲಕ್ಕೆ ಹಗುರ ಮೈ ಸಿಗುತ್ತೆ, ಆಗ ಇಳಿಯೋದು ನ್ಯಾಯ. ಹೊಟ್ಟೆಯ ಗೆರೆ ಈಗಲೇ ಕಾಣ್ತಿರೋರು 4.4 ಕೆಜಿ ಇಳಿಸಿದ್ರೆ ಮಾಂಸವೇ ಹೋಗೋದು, ಅವರು ಮಿಡಲ್‌ನಲ್ಲೇ ಇರಲಿ. ಸೊಂಟದ ಅಳತೆ ಟೇಪ್‌ನಲ್ಲಿ, ಹೊಕ್ಕುಳ ಮಟ್ಟದಲ್ಲಿ ತಗೊಳ್ಳಿ. ಎತ್ತರದ ಅರ್ಧಕ್ಕೆ ಹತ್ತಿರ ಇದ್ರೆ, ನಿಮಗದು 35 ಇಂಚು, ಇಳಿಸೋಕೆ ಜಾಗ ಇದೆ. 31 ಇದ್ರೆ ಇಲ್ಲ.

ಬೆಣ್ಣೆನಗರಿ_ಬ್ಲೂ
ಸೊಂಟ 35. ಹಂಗಾದ್ರೆ ಇಳಿತೀನಿ, ಆದ್ರೆ ಒಂದು ಗಡಿ ಹಾಕ್ಕೊಂಡು. ವಿಭಾಗ ಬದಲಿಸೋ ಕೊನೇ ದಿನ ಟೂರ್ನಿಗೆ ಎರಡು ವಾರ ಮುಂಚೆ ಇದೆ. ಆವತ್ತು ಎಷ್ಟಿದ್ರೆ ಹೆಸರನ್ನ ಲೈಟ್‌ಗೆ ಹಾಕಬಹುದು?

ತೂಕದ_ಲೆಕ್ಕ
ಏಳು ದಿನದ ಸರಾಸರಿ 74.7 ಅಥವಾ ಒಳಗೆ. 75.2 ದಾಟಿದ್ರೆ ಮಿಡಲ್‌ನಲ್ಲೇ ಬಿಡಿ. ಮಧ್ಯದಲ್ಲಿದ್ರೆ ಹಗುರ ಗೀ ಕೈಯಲ್ಲಿದ್ರೆ ಮಾತ್ರ ಹಾಕಿ. ನಾಲ್ಕು ವಾರ ಮುಂಚೆ ಒಂದು ಶನಿವಾರ ಪೂರ್ತಿ ತಾಲೀಮು ಮಾಡಿ: ಮೂರು ದಿನ ನಾರು ಕಮ್ಮಿ ಊಟ, ಬೆಳಗ್ಗೆ ತೂಕ, ಇಡ್ಲಿ, ಗೀ ಹಾಕಿ ತೂಕ, ತಕ್ಷಣ 6 ನಿಮಿಷದ ನಾಲ್ಕು ಪಂದ್ಯ. ನಿಯಮದಲ್ಲಿ ಎರಡು ಪಂದ್ಯದ ಮಧ್ಯೆ ಕನಿಷ್ಠ ಒಂದು ಪಂದ್ಯದಷ್ಟು ವಿಶ್ರಾಂತಿ, ಫೈನಲ್‌ಗೆ ಮುಂಚೆ ಅದರ ಎರಡರಷ್ಟು. ಅದೇ ಅಂತರ ಇಟ್ಟು ಆಡಿ. ಕರುಳು ಎಷ್ಟು ಖಾಲಿಯಾಗುತ್ತೆ ಅನ್ನೋದು ಒಬ್ಬೊಬ್ಬರಿಗೆ ಬೇರೆ. ನಿಮ್ಮದು 400 ಗ್ರಾಮೋ, ಒಂದು ಕೆಜಿಯೋ ಅನ್ನೋದು ಆವತ್ತೇ ಗೊತ್ತಾಗುತ್ತೆ.

ಅಡುಗೆಮನೆ_ಕೋಚ್
ಪ್ರಯಾಣದ ಮಾತು. ದಾವಣಗೆರೆಯಿಂದ ಬೆಂಗಳೂರು 260 ಕಿ.ಮೀ., ಚಿತ್ರದುರ್ಗದಿಂದ 200. ರಾತ್ರಿ ಬಸ್ಸಿನಲ್ಲಿ ಹೊರಟು ಬೆಳಗ್ಗೆ ನೇರ ಸ್ಟೇಡಿಯಂಗೆ ಹೋಗೋದು ಬೇಡ, ನಿದ್ದೆ ಇಲ್ಲ, ಶೌಚಕ್ಕೂ ಸರಿಯಾಗಲ್ಲ. ಅದೇ ಅರ್ಧ ಕೆಜಿ. ಹಿಂದಿನ ದಿನ ಮಧ್ಯಾಹ್ನದ ರೈಲಿಗೆ ಹೊರಡಿ. ಹೈವೇ ಹೋಟೆಲ್ ಸಾಂಬಾರ್‌ನಲ್ಲಿ ಉಪ್ಪು ಎಷ್ಟಿದೆ ಅಂತ ನಮ್ಮ ಕೈಯಲ್ಲಿಲ್ಲ, ಮನೆಯಿಂದ ಮೊಸರನ್ನ ಕಟ್ಕೊಂಡು ಹೋಗಿ. ನಿಮ್ಮ ತಕ್ಕಡಿಯನ್ನೂ ಬ್ಯಾಗಿಗೆ ಹಾಕಿ. ನೀರು ರಾತ್ರಿ ಎಂಟರವರೆಗೆ ಎಂದಿನ ಹಂಗೆ, ಆಮೇಲೆ ಬಾಯಾರಿದಾಗ ಗುಟುಕು. ತೂಕ ಮುಗಿದ ತಕ್ಷಣ ಓಆರ್‌ಎಸ್ 200 ಎಂಎಲ್, ಎರಡು ಖರ್ಜೂರ. ಪಂದ್ಯಗಳ ಮಧ್ಯೆ ಬಾಳೆಹಣ್ಣು ಅರ್ಧ, ನೀರು ಗುಟುಕು. ಹೊಟ್ಟೆ ತುಂಬ ಊಟ ಎಲ್ಲ ಮುಗಿದ ಮೇಲೆ.

ಬೆಣ್ಣೆನಗರಿ_ಬ್ಲೂ
ಕೊನೇದು ಒಂದು. ಎಲ್ಲ ಸರಿಯಾಗಿ ಮಾಡಿ ಅಲ್ಲಿ ಪರೀಕ್ಷೆ ತಕ್ಕಡಿ ಮೇಲೆ 76.2 ತೋರಿಸಿದ್ರೆ?

ಮಿಲ್_ಕಾಲೋನಿ_ಮ್ಯಾಟ್
ಅಧಿಕೃತ ತಕ್ಕಡಿ ಹತ್ತೋ ಮುಂಚೆ ಅಂದ್ರೆ ದಾರಿ ಇದೆ. ಮೂತ್ರಕ್ಕೆ ಹೋಗಿ ಬನ್ನಿ, 200-300 ಗ್ರಾಂ ಅಲ್ಲೇ ಹೋಗಬಹುದು. ಒಳಗಿನ ರ‍್ಯಾಷ್‌ಗಾರ್ಡ್ (ಮೈಗಂಟಿದ ಟಾಪ್) ತೆಗೀರಿ. ಅಗಲ ದಪ್ಪ ಬೆಲ್ಟ್ ಬದಲು ತೆಳು ಬೆಲ್ಟ್, 80-100 ಗ್ರಾಂ ವ್ಯತ್ಯಾಸ. ಹಗುರ ಗೀ ಇದ್ರೆ ಬದಲಿಸಿ. ಇದಕ್ಕೇ ಬ್ಯಾಗಿನಲ್ಲಿ ಎರಡು ಗೀ, ಎರಡು ಬೆಲ್ಟ್, ಪ್ರತಿಯೊಂದಕ್ಕೂ ತೂಕದ ಚೀಟಿ ಇರಲಿ. ಟೀಶರ್ಟ್‌ನಲ್ಲಿ ಹತ್ತು ನಿಮಿಷ ಹಗ್ಗ ಜಿಗಿದ್ರೆ ನೂರಿನ್ನೂರು ಗ್ರಾಂ ಬೆವರು ಬರುತ್ತೆ, ಹೆಂಗೂ ವಾರ್ಮಪ್ ಬೇಕಲ್ಲ, ಒರೆಸಿಕೊಂಡು ಒಣ ಗೀ ಹಾಕಿ. ಹೆಸರು ಕೂಗೋದಕ್ಕೆ 45 ನಿಮಿಷ ಮುಂಚೆಯೇ ಪರೀಕ್ಷೆ ತಕ್ಕಡಿ ಹತ್ತಿದ್ರೆ ಇಷ್ಟಕ್ಕೂ ಸಮಯ ಸಿಗುತ್ತೆ. ಉಗುರು ಕತ್ತರಿಸಿದ್ರೆ ತೂಕಕ್ಕೆ ಏನೂ ಆಗಲ್ಲ, ಆದ್ರೆ ಉದ್ದ ಇದ್ರೆ ಗೀ ಪರೀಕ್ಷೆಯಲ್ಲೇ ನಿಲ್ಲಿಸ್ತಾರೆ, ಹಿಂದಿನ ರಾತ್ರಿಯೇ ಕತ್ತರಿಸಿ.

ಗರಡಿ_ಮಣ್ಣು
ಮತ್ತೆ 76.9 ತೋರಿಸಿದ್ರೆ ಬೆವರು ಹರಿಸಾಕ ಹೋಗಬ್ಯಾಡ್ರಿ. ಅವತ್ತು ಗೆಳೆಯರ ಕಾರ್ನರ್‌ನಾಗ ನಿಂತು ಕೂಗ್ರಿ, ಅವರ ಪಂದ್ಯ ವಿಡಿಯೋ ಮಾಡ್ರಿ. ಮುಂದಿನ ಟೂರ್ನಿಗೆ ಮಿಡಲ್‌ನಾಗ ಹೆಸರು ಕೊಡ್ರಿ.